ಮೊಸರನ್ನ, ದೋಸೆ, ಬಿಸ್ಕತ್ತು ಬಿಟ್ಟು ಬೇರೇನೂ ಮುಟ್ಟಲ್ಲ

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ. ಆಟಿಸಂ ಇದೆ ಎಂದು ಎರಡು ವರ್ಷದ ಹಿಂದೆ ಗೊತ್ತಾಯಿತು. ಅವನು ತಿನ್ನುವುದು ಮೊಸರನ್ನ, ಗರಿಗರಿ ದೋಸೆ, ಹಪ್ಪಳ ಮತ್ತು ಒಂದೇ ಕಂಪನಿಯ ಗೋಧಿ ಬಿಸ್ಕತ್ತು. ಜೊತೆಗೆ ದಿನಕ್ಕೆ ನಾಲ್ಕೈದು ಲೋಟ ಹಾಲು. ತರಕಾರಿ, ಹಣ್ಣು ಕಂಡರೆ ತಟ್ಟೆ ತಳ್ಳುತ್ತಾನೆ. ಮೋಷನ್ ಮೂರು ದಿನಕ್ಕೊಮ್ಮೆ, ಅದೂ ಅತ್ತುಕೊಂಡು. ‘ನೀನೇ ಮುದ್ದು ಮಾಡಿ ಕೆಡಿಸಿದ್ದೀಯ, ಒಂದು ದಿನ ಉಪವಾಸ ಕೆಡವು, ತಾನೇ ತಿಂತಾನೆ’ ಅಂತಾರೆ ಅತ್ತೆ. ಹಾಲು, ಗೋಧಿ ನಿಲ್ಲಿಸಿದರೆ ಆಟಿಸಂ ಕಡಿಮೆಯಾಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಈ ಉತ್ತರವನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ ಅಮ್ಮ. ಇದು ಹಠ ಅಲ್ಲ. ಮುದ್ದಿನಿಂದ ಬಂದದ್ದೂ ಅಲ್ಲ.

ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ವಾಸನೆ, ಬಣ್ಣ, ಬಾಯಿಗೆ ಸಿಗುವ ಮೆತ್ತನೆ ಗಟ್ಟಿ ಎಲ್ಲವೂ ತುಂಬಾ ಜೋರಾಗಿ ತಟ್ಟುತ್ತವೆ. ಸಾರಿನಲ್ಲಿ ಬೆಂದ ಬದನೆಕಾಯಿ ನಮಗೆ ರುಚಿ, ಅವನಿಗೆ ಲೋಳೆ. ಒಂದು ತುತ್ತಿನಲ್ಲಿ ಬೇಳೆ ಸಿಗುತ್ತದೆ, ಮುಂದಿನದರಲ್ಲಿ ಸಾಸಿವೆ, ಆಮೇಲೆ ಕರಿಬೇವು. ಏನು ಬರುತ್ತದೋ ಅನ್ನುವ ಭಯದಲ್ಲೇ ಊಟ ಮುಗಿಯಬೇಕು. ಬಿಸ್ಕತ್ತು ಹಾಗಲ್ಲ. ಇವತ್ತು ಹೇಗಿತ್ತೋ ನಾಳೆಯೂ ಹಾಗೇ ಇರುತ್ತದೆ. ಅದಕ್ಕೇ ಅವನು ಅದನ್ನು ನಂಬಿದ್ದಾನೆ. ಇನ್ನು ಉಪವಾಸ. ಇಂಥ ಕೆಲವು ಮಕ್ಕಳಿಗೆ ಹಸಿವು ಆಗುತ್ತಿದೆ ಅನ್ನುವುದೇ ಸರಿಯಾಗಿ ತಿಳಿಯುವುದಿಲ್ಲ. ಬೇರೆ ಮಕ್ಕಳು ಹಸಿವು ತಡೆಯದೆ ತಿಂದಾರು, ಇವನು ಸುಮ್ನೆ ಸುಸ್ತಾಗಿ ಮಲಗುತ್ತಾನೆ ಅಷ್ಟೇ. ದಯವಿಟ್ಟು ಆ ದಾರಿ ಬೇಡ.

ಹಾಲು ಗೋಧಿ ನಿಲ್ಲಿಸುವ ಮಾತಿಗೆ ಬರೋಣ. ಅದರಿಂದ ಆಟಿಸಂ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಆಟಿಸಂನ ಮುಖ್ಯ ಲಕ್ಷಣಗಳಿಗೆ ಚಿಕಿತ್ಸೆ ಎಂದು ಈ ಪಥ್ಯ ಮಾಡಿಸಬೇಡಿ ಎಂದು ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ‘ನೈಸ್’ 2013ರಲ್ಲೇ ಹೇಳಿದೆ. ನಿಮ್ಮ ಮಗನ ತಟ್ಟೆಯನ್ನೇ ನೋಡಿ. ಹಾಲು, ಮೊಸರು, ಬಿಸ್ಕತ್ತು ತೆಗೆದರೆ ಉಳಿಯುವುದು ದೋಸೆ, ಹಪ್ಪಳ ಎರಡೇ! ಗೋಧಿಯ ಅಂಟಿನಂಶ ಕರುಳಿಗೆ ಹಾನಿ ಮಾಡುವ ಸೀಲಿಯಾಕ್ ಕಾಯಿಲೆ ಇದ್ದರೆ ಗೋಧಿ ನಿಲ್ಲಿಸಲೇಬೇಕು, ಹಾಲಿನ ಅಲರ್ಜಿ ಇದ್ದರೆ ಹಾಲು. ಅನುಮಾನ ಇದ್ದರೆ ಗೋಧಿ ತಿನ್ನುತ್ತಿರುವಾಗಲೇ ಸೀಲಿಯಾಕ್ ಪರೀಕ್ಷೆ ಮಾಡಿಸಿ. ನಿಲ್ಲಿಸಿದ ಮೇಲೆ ಮಾಡಿದರೆ ಫಲಿತಾಂಶ ತಪ್ಪಾಗಬಹುದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ತರಕಾರಿಯ ಮೇಲಲ್ಲ, ಮೋಷನ್ ಮೇಲೆ. ಹೊಟ್ಟೆ ಕಟ್ಟಿಕೊಂಡ ಮಗು ಹೊಸದನ್ನು ಯಾಕಾದರೂ ತಿಂದೀತು? ಮೊದಲು ಇದನ್ನು ಸರಿ ಮಾಡಿ. ಊಟವಾದ ಮೇಲೆ ಐದು ನಿಮಿಷ ಟಾಯ್ಲೆಟ್‌ನಲ್ಲಿ ಕೂರಿಸಿ. ಕಮೋಡ್ ಆದರೆ ಕಾಲ ಕೆಳಗೆ ಪುಟ್ಟ ಸ್ಟೂಲ್ ಇಡಿ, ಕಾಲು ನೇತಾಡಬಾರದು. ಮಕ್ಕಳ ಡಾಕ್ಟರು ಮೋಷನ್ ಸಡಿಲವಾಗಲು ಔಷಧಿ ಕೊಟ್ಟರೆ ಹೆದರಬೇಡಿ, ಅವರು ಹೇಳಿದಷ್ಟು ದಿನ ಕೊಡಿ.

ನಾಲ್ಕೈದು ಲೋಟ ಹಾಲು ಜಾಸ್ತಿ ಆಯಿತು. ಹಾಲು ಹೊಟ್ಟೆ ತುಂಬಿಸುತ್ತದೆ, ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ. ದಿನಕ್ಕೆ ಅರ್ಧ ಲೀಟರ್ ಒಳಗೆ ಇರಲಿ. ಆದರೆ ಲೋಟ ಬದಲಾಯಿಸಬೇಡಿ, ಹೊತ್ತು ಬದಲಾಯಿಸಬೇಡಿ. ಅದೇ ಸ್ಟೀಲ್ ಲೋಟ, ಅದೇ ಜಾಗ. ವಾರಕ್ಕೊಮ್ಮೆ ಒಂದು ಬೆರಳಿನಷ್ಟು ಮಟ್ಟ ಇಳಿಸಿ.

ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವುದು), ವಿಟಮಿನ್ ಡಿ, ಬಿ12. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 67.1 ಶೇಕಡಾ ಮಂದಿಗೆ ರಕ್ತಹೀನತೆ ಇತ್ತು. ತರಕಾರಿಯೇ ಮುಟ್ಟದ ಮಗುವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವನು ಮಣ್ಣು, ಸುಣ್ಣ, ಗೋಡೆಯ ಬಣ್ಣ ಕೆರೆದು ತಿನ್ನುತ್ತಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಇನ್ನೊಂದು ಮಾತು. ಹಣ್ಣು ತರಕಾರಿ ಪೂರ್ತಿ ಬಿಟ್ಟ ಆಟಿಸಂ ಮಕ್ಕಳಲ್ಲಿ ಸ್ಕರ್ವಿ, ಅಂದರೆ ವಿಟಮಿನ್ ಸಿ ಇಲ್ಲದೆ ಬರುವ ಕಾಯಿಲೆ, ಈಗಲೂ ಕಾಣಿಸಿಕೊಳ್ಳುತ್ತದೆ. ಮಗು ಇದ್ದಕ್ಕಿದ್ದಂತೆ ನಡೆಯಲು ಒಲ್ಲೆ ಅಂದರೆ, ಒಸಡಿನಲ್ಲಿ ರಕ್ತ ಬಂದರೆ ಅದನ್ನೂ ಹಠ ಅಂದುಕೊಳ್ಳಬೇಡಿ. ಕಾಲು ನೋಯುತ್ತಿದೆ ಎಂದು ಅವನಿಗೆ ಹೇಳಲು ಬರದೇ ಇರಬಹುದು. ಸೋಸಿದ ನಿಂಬೆ ಪಾನಕ ಕುಡಿಯುತ್ತಾನಾ ನೋಡಿ.

ಈಗ ತಿನ್ನಿಸುವ ವಿಷಯ. ಮಗ ಏನೂ ತಿನ್ನಲ್ಲ ಅಂದುಕೊಂಡಿದ್ದೀರಿ. ಮೊಸರಿದೆ, ದೋಸೆಯಲ್ಲಿ ಉದ್ದಿದೆ. ಇದು ಶುರು ಮಾಡಲು ಒಳ್ಳೆಯ ಜಾಗ. ಅವನಿಗೆ ಗರಿಗರಿ ಇಷ್ಟ ಅಲ್ವಾ? ಆ ಗರಿಗರಿಯನ್ನೇ ಹಿಡಿದು ಹೋಗಿ. ಹಪ್ಪಳದಿಂದ ರಾಗಿ ಹಪ್ಪಳಕ್ಕೆ. ನಿಮ್ಮೂರಿನ ಮಂಡಕ್ಕಿ ಇದೆ, ಆಮೇಲೆ ಅದಕ್ಕೆ ಚಿಟಿಕೆ ಹುರಿಗಡಲೆ ಪುಡಿ. ತೆಳ್ಳಗೆ ಹೆಚ್ಚಿ ಕುರುಕುರು ಆಗುವಂತೆ ಹುರಿದ ಬೆಂಡೆಕಾಯಿ ಎಷ್ಟೋ ಮಕ್ಕಳ ಮೊದಲ ತರಕಾರಿ. ಇಡೀ ಕಡಲೆಕಾಯಿ ಬೀಜ ಮಾತ್ರ ಈ ವಯಸ್ಸಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ದೋಸೆಗೆ ಹೀಗೆ ಮಾಡಿ. ಅವನ ದೋಸೆ ಅವನಿಗೆ ಇದ್ದ ಹಾಗೇ ಇರಲಿ. ಅದೇ ಹಿಟ್ಟಿಗೆ ಅವನ ಎದುರೇ ಒಂದು ಚಮಚ ರಾಗಿ ಹಿಟ್ಟು ಕಲಸಿ, ರೂಪಾಯಿ ಅಗಲದ ಒಂದು ದೋಸೆ ಹುಯ್ದು ಪಕ್ಕದ ಪುಟ್ಟ ತಟ್ಟೆಯಲ್ಲಿ ಇಡಿ. ತಿನ್ನು ಅನ್ನಬೇಡಿ. ಮುಟ್ಟಿದರೆ ಸಾಕು. ಮೂಸಿದರೆ ಸಾಕು. ಮುರಿದು ಎಸೆದರೂ ಪರವಾಗಿಲ್ಲ. ಇಪ್ಪತ್ತು ಮೂವತ್ತು ಸಲ ಕಂಡ ಮೇಲೆ ನಾಲಗೆಗೆ ಹೋಗಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಗಾಗಿ ಈ ಕಾಯುವಿಕೆ ದಂಡವಲ್ಲ.

‘ಎದುರೇ ಕಲಸಿ’ ಅಂದಿದ್ದಕ್ಕೆ ಕಾರಣ ಇದೆ. ನನ್ನ ಹತ್ತಿರ ಬರುತ್ತಿದ್ದ ಆರು ವರ್ಷದ ಹುಡುಗಿಗೆ ಅವಳ ಅಮ್ಮ ಕಬ್ಬಿಣದ ಟಾನಿಕ್ಕನ್ನು ಮೊಸರನ್ನದಲ್ಲಿ ಕದ್ದು ಕಲಸಿದರು. ಒಂದೇ ತುತ್ತು. ಅವತ್ತಿನಿಂದ ಮೊಸರನ್ನವನ್ನೇ ಬಿಟ್ಟಳು. ತಟ್ಟೆ ಇಟ್ಟರೆ ಬಗ್ಗಿ ಮೂಸುವಳು, ಅಮ್ಮನ ಮುಖ ನೋಡುವಳು, ಮೆಲ್ಲಗೆ ತಳ್ಳುವಳು. ಮತ್ತೆ ಮೊಸರನ್ನಕ್ಕೆ ಬರಲು ಏಳು ತಿಂಗಳು ಹಿಡಿಯಿತು. ಟಾನಿಕ್ ಬೇಕಾದರೆ ಟಾನಿಕ್ ಅಂತಲೇ ಹೇಳಿ ಕೊಡಿ, ಹಾಲಿನ ಜೊತೆ ಬೇಡ. ನಂಬಿರುವ ಊಟದ ತಟ್ಟೆಗೆ ಕೈ ಹಾಕಬೇಡಿ.

ಅಗಿಯಲು, ನುಂಗಲು ಕಷ್ಟ ಪಡುತ್ತಾನಾ, ಪದೇ ಪದೇ ಕೆಮ್ಮುತ್ತಾನಾ ಗಮನಿಸಿ. ತೂಕ ಇಳಿಯುತ್ತಿದ್ದರೆ, ತಿನ್ನುತ್ತಿದ್ದ ನಾಲ್ಕರಲ್ಲಿ ಒಂದನ್ನು ಬಿಟ್ಟರೆ ತಡ ಮಾಡಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗ ನೆರವು ನೀಡುವ) ಕೇಂದ್ರವನ್ನು ವಿಚಾರಿಸಿ. ಹೆಚ್ಚಿನ ಸಹಾಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ.

ಮದುವೆ, ಮುಂಜಿಗೆ ಹೋಗುವಾಗ ಅವನ ಡಬ್ಬಿ ಕಟ್ಟಿಕೊಂಡೇ ಹೋಗಿ, ನಾಚಿಕೆ ಬೇಡ. ಮತ್ತೆ ಅಮ್ಮ, ನೀವು ಎಷ್ಟು ಹೊತ್ತಿಗೆ ಊಟ ಮಾಡುತ್ತೀರಿ? ಅವನು ಬಿಟ್ಟದ್ದನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನುವುದನ್ನು ನಿಲ್ಲಿಸಿ. ದಿನಕ್ಕೆ ಒಂದು ಹೊತ್ತಾದರೂ ಅವನ ಪಕ್ಕ ಕೂತು ಬಿಸಿ ಊಟ ಮಾಡಿ, ಅವನಿಗೆ ಏನೂ ಹೇಳದೆ.

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿಗೆ ಮಿಥೈಲ್‌ಫೆನಿಡೇಟ್ ಮಾತ್ರೆ ಶುರುವಾಗಿದೆ. ಓದು ಸುಧಾರಿಸಿದೆ, ಆದರೆ ಊಟದ ಡಬ್ಬಿ ಹಾಗೇ ವಾಪಸ್ ಬರುತ್ತದೆ.
– ಓದುಗರು, ಶಿರಸಿ

ಉತ್ತರ: ಈ ಮಾತ್ರೆ ಕೆಲಸ ಮಾಡುವಷ್ಟು ಹೊತ್ತು ಹಸಿವು ಸತ್ತಿರುತ್ತದೆ. ಅವಳ ತಪ್ಪಲ್ಲ. ಮಾತ್ರೆಗೆ ಮುಂಚೆ ಬೆಳಗಿನ ತಿಂಡಿ ಗಟ್ಟಿಯಾಗಿರಲಿ: ತುಪ್ಪ ಹಾಕಿದ ದೋಸೆ, ಶೇಂಗಾ ಚಟ್ನಿ, ಒಂದು ಲೋಟ ಹಾಲು. ಡಬ್ಬಿಗೆ ಸ್ವಲ್ಪವೇ ಕಟ್ಟಿ, ಎರಡು ತುತ್ತಿನ ಶೇಂಗಾ ಉಂಡೆ ಥರದ್ದು. ಸಂಜೆ ಮಾತ್ರೆಯ ಪ್ರಭಾವ ಇಳಿದಾಗ ಹಸಿವು ಬರುತ್ತದೆ, ಆಗ ಕುರುಕಲು ಕೊಡದೆ ಊಟವನ್ನೇ ಕೊಡಿ. ಮಲಗುವ ಮುಂಚೆ ಇನ್ನೊಮ್ಮೆ ಕೇಳಿದರೂ ಕೊಡಿ. ಮೂರು ತಿಂಗಳಿಗೊಮ್ಮೆ ತೂಕ, ಆರು ತಿಂಗಳಿಗೊಮ್ಮೆ ಎತ್ತರ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.