ಪ್ರತಿಕ್ರಿಯೆ: ಜಾನ್ಸನ್ ಅವರ ಮೊದಲ ಬಂಡವಾಳ

ಅಮೆರಿಕದ ಕಪ್ಪು ಜನರ ಪತ್ರಿಕೆ ‘ಎಬೊನಿ’ಯನ್ನು ಹುಟ್ಟುಹಾಕಿದ ಜಾನ್ ಎಚ್. ಜಾನ್ಸನ್ ಅವರಿಗೆ ಮೊದಲ ದುಡ್ಡು ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ತಾಯಿಯ ಮನೆಯ ಪೀಠೋಪಕರಣಗಳಿಂದ! 1942ರಲ್ಲಿ ಷಿಕಾಗೋದಲ್ಲಿ ಅವುಗಳ ಮೇಲೆ 500 ಡಾಲರ್ ಸಾಲ ಎತ್ತಿದರು. ಅದು ಹೋದದ್ದು ಅಂಚೆ ಖರ್ಚಿಗೆ: ತಾವು ಕೆಲಸಕ್ಕಿದ್ದ ವಿಮಾ ಕಂಪನಿಯ 20,000 ಪಾಲಿಸಿದಾರರಿಗೆ ಕಾಗದ ಬರೆದು, ಇನ್ನೂ ಹುಟ್ಟದ ತಮ್ಮ ಮೊದಲ ಪತ್ರಿಕೆ ‘ನೀಗ್ರೋ ಡೈಜೆಸ್ಟ್’ಗೆ ಎರಡು ಡಾಲರ್ ಮುಂಗಡ ಚಂದಾ ಕೇಳಿದರು. ಸುಮಾರು 3,000 ಮಂದಿ ಕಳುಹಿಸಿದರು.

ನನಗೆ ಹಿಡಿಸುವುದು ಮುಂದಿನ ಚಾಲಾಕಿತನ. ಇದನ್ನು ಯಾರು ಕೊಳ್ಳುತ್ತಾರೆ ಎಂದು ವಿತರಕ ಮೂಗು ಮುರಿದಾಗ, ಗೆಳೆಯರನ್ನು ಅಂಗಡಿಗಳಿಗೆ ಅಟ್ಟಿ ಅದೇ ಪತ್ರಿಕೆ ಬೇಕೆಂದು ಕೇಳಿಸಿದರು. ಪ್ರತಿಗಳು ಬಂದ ಮೇಲೆ ತಾವೇ ದುಡ್ಡು ಕೊಟ್ಟು ಅವರಿಂದ ಕೊಳ್ಳಿಸಿದರು! ‘ಎಬೊನಿ’ 1945ರಲ್ಲಿ, ಅವರ ಇನ್ನೊಂದು ಪತ್ರಿಕೆ ‘ಜೆಟ್’ 1951ರಲ್ಲಿ ಬಂದವು. ದೊಡ್ಡ ಕಂಪನಿಗಳ ಜಾಹೀರಾತು ಗಿಟ್ಟಿಸಲು ಮಾತ್ರ ಚಪ್ಪಲಿ ಸವೆಸಬೇಕಾಯಿತು.