ಪೂರ್ತಿ ಓಡಿಸದ ಸಿಮ್ಯುಲೇಷನ್ ಅನ್ನು ಎಷ್ಟು ನಂಬಬಹುದು?

ಪ್ರೊಸೆಸರ್‌ನ ವರ್ತನೆಯನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಜೆಮ್5 ಸಿಮ್ಯುಲೇಟರ್‌ನಲ್ಲಿ ಒಂದು ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷಾ ಪ್ರೋಗ್ರಾಂ) ಮುಗಿಯಲು ವಾರಗಟ್ಟಲೆ ಹಿಡಿಯುತ್ತಿದೆ, ಮೊದಲ 100 ಕೋಟಿ ಇನ್‌ಸ್ಟ್ರಕ್ಷನ್‌ಗಳನ್ನಷ್ಟೇ ಓಡಿಸಿ ಸಿಪಿಐ (ಒಂದು ಇನ್‌ಸ್ಟ್ರಕ್ಷನ್‌ಗೆ ತಗಲುವ ಸರಾಸರಿ ಕ್ಲಾಕ್ ಸೈಕಲ್‌ಗಳು) ಲೆಕ್ಕ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಕ್ರೇಟಿನ ಮೇಲಿನ ಪದರವನ್ನಷ್ಟೇ ನೋಡಿ ಟೊಮೆಟೊಗೆ ಬೆಲೆ ಕೂಗಿದರೆ ಏನಾಗುತ್ತದೆಂದು ನಮ್ಮ ಕೋಲಾರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ; ಪ್ರೋಗ್ರಾಂನ ಆರಂಭದಲ್ಲಿ ಇನ್‌ಪುಟ್ ಓದುವುದು, ಮೆಮೊರಿ ಸಿದ್ಧಪಡಿಸುವುದು ಇಂಥವೇ ಹೆಚ್ಚಾಗಿರುತ್ತವೆ, ನಿಜವಾದ ಕೆಲಸ ಆಮೇಲಿನದು.

ಆದರೆ ಪೂರ್ತಿ ಓಡಿಸುವುದೂ ಆಗದ ಮಾತು. ಸೆಕೆಂಡಿಗೆ 2 ಲಕ್ಷ ಇನ್‌ಸ್ಟ್ರಕ್ಷನ್‌ಗಳ ವೇಗದಲ್ಲಿ 1 ಲಕ್ಷ ಕೋಟಿ ಇನ್‌ಸ್ಟ್ರಕ್ಷನ್‌ಗಳಿಗೆ ಸುಮಾರು 58 ದಿನ ಬೇಕು.

ಇದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. 2002ರಲ್ಲಿ ಬಂದ ಸಿಮ್‌ಪಾಯಿಂಟ್, ಪ್ರೋಗ್ರಾಂ ಅನ್ನು ಸಮಾನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನಲ್ಲಿ ಯಾವ ಬೇಸಿಕ್ ಬ್ಲಾಕ್ (ನಡುವೆ ಕವಲೊಡೆಯದೆ ಓಡುವ ಇನ್‌ಸ್ಟ್ರಕ್ಷನ್‌ಗಳ ಸರಣಿ) ಎಷ್ಟು ಸಲ ಓಡಿತೆಂದು ಎಣಿಸಿ, ಒಂದೇ ಬಗೆಯವನ್ನು ಕೆ-ಮೀನ್ಸ್ ಎಂಬ ವಿಂಗಡಣೆ ವಿಧಾನದಿಂದ ಗುಂಪು ಮಾಡಿ, ಗುಂಪಿಗೊಂದು ಪ್ರತಿನಿಧಿಯನ್ನು ಅದರ ತೂಕದೊಂದಿಗೆ (ಒಟ್ಟು ಓಟದಲ್ಲಿ ಆ ಗುಂಪಿನ ಪಾಲು) ಆರಿಸುತ್ತದೆ. 2003ರ ಸ್ಮಾರ್ಟ್ಸ್ ಗುಂಪುಗಳ ಗೊಡವೆಗೆ ಹೋಗದೆ, ನಿಗದಿತ ಅಂತರದಲ್ಲಿ ಸುಮಾರು 1,000 ಇನ್‌ಸ್ಟ್ರಕ್ಷನ್‌ಗಳ ಸಣ್ಣ ಸಣ್ಣ ಮಾದರಿಗಳನ್ನು ತೆಗೆಯುತ್ತದೆ. ಸಿಪಿಐಯ ಏರಿಳಿತ ಅದರ ಸರಾಸರಿಯಷ್ಟೇ ಇದ್ದರೆ, ಶೇ. 99.7 ವಿಶ್ವಾಸದಲ್ಲಿ ಶೇ. 3ರೊಳಗಿನ ದೋಷಕ್ಕೆ 10,000 ಮಾದರಿಗಳು ಸಾಕು. ಅಂದರೆ ಅಳೆಯುವುದು ಬರೀ 1 ಕೋಟಿ ಇನ್‌ಸ್ಟ್ರಕ್ಷನ್‌ಗಳನ್ನು. ದೋಷದ ಮಿತಿಯನ್ನು ಲೆಕ್ಕದಿಂದಲೇ ಹೇಳಬಹುದಾದ ಈ ಗುಣ ನನಗೆ ಬಹಳ ಹಿಡಿಸುತ್ತದೆ.

ತೊಡಕಿರುವುದು ಮಾದರಿ ಆರಿಸುವುದರಲ್ಲಲ್ಲ, ಇತ್ತೀಚೆಗೆ ಬಳಸಿದ ಡೇಟಾವನ್ನು ಪ್ರೊಸೆಸರ್‌ನ ಹತ್ತಿರವೇ ಇಟ್ಟುಕೊಳ್ಳುವ ಕ್ಯಾಶ್‌ನಲ್ಲಿ. 64 ಬೈಟ್ ಸಾಲಿನ 1 ಎಂಬಿ ಕ್ಯಾಶ್‌ನಲ್ಲಿ 16,384 ಸಾಲುಗಳಿರುತ್ತವೆ. ಅದು ಖಾಲಿಯಿದ್ದಾಗ ಅಳತೆ ಶುರುವಾದರೆ 1,000 ಇನ್‌ಸ್ಟ್ರಕ್ಷನ್‌ಗಳಲ್ಲಿ ಅದು ತುಂಬುವ ಮಾತೇ ಇಲ್ಲ, ನಿಜವಾದ ಓಟದಲ್ಲಿ ಹಿಟ್ ಆಗಬೇಕಾದ (ಕ್ಯಾಶ್‌ನಲ್ಲೇ ಸಿಗಬೇಕಾದ) ಎಷ್ಟೋ ಡೇಟಾ ಮಿಸ್ ಆಗಿ ಸಿಪಿಐ ಸುಳ್ಳೇ ಏರುತ್ತದೆ. ಆದ್ದರಿಂದ ಸ್ಮಾರ್ಟ್ಸ್ ಮಾದರಿಗಳ ನಡುವಿನ ದೂರದಲ್ಲೂ ಪೈಪ್‌ಲೈನ್ (ಇನ್‌ಸ್ಟ್ರಕ್ಷನ್‌ಗಳನ್ನು ಹಂತ ಹಂತವಾಗಿ ನಡೆಸುವ ಭಾಗ) ಬಿಟ್ಟು ಕ್ಯಾಶ್ ಮತ್ತು ಬ್ರಾಂಚ್ ಪ್ರಿಡಿಕ್ಟರ್‌ಗಳನ್ನು (ಕವಲು ಯಾವ ಕಡೆ ಹೋಗುತ್ತದೆಂದು ಊಹಿಸುವ ಭಾಗ) ಸತತವಾಗಿ ನವೀಕರಿಸುತ್ತಾ ಹೋಗುತ್ತದೆ. ಸಮಯದ ಬಹುಪಾಲು ಹೋಗುವುದು ಇಲ್ಲಿಯೇ.

ಸ್ಮಾರ್ಟ್ಸ್ ನನಗೆ ಹಿಡಿಸಿದರೂ, ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳಿದಾಗಲೂ ನಾನು ಸಿಮ್‌ಪಾಯಿಂಟ್ ಅನ್ನೇ ಸೂಚಿಸುತ್ತೇನೆ, ಏಕೆಂದರೆ ಪ್ರೊಫೈಲ್ (ಬೇಸಿಕ್ ಬ್ಲಾಕ್‌ಗಳ ಎಣಿಕೆ) ತೆಗೆಯುವ, ಚೆಕ್‌ಪಾಯಿಂಟ್ (ಓಟದ ನಡುವಿನ ಸ್ಥಿತಿ) ಉಳಿಸುವ ಸೌಲಭ್ಯ ಜೆಮ್5ನಲ್ಲೇ ಇದೆ. ನಿಮ್ಮದು ಒಂದೇ ಥ್ರೆಡ್‌ನ (ಒಂದೇ ಎಳೆಯಾಗಿ ಓಡುವ) ಪ್ರೋಗ್ರಾಂ ಎಂದುಕೊಂಡು ಹೇಳುತ್ತಿದ್ದೇನೆ. ಹಲವು ಥ್ರೆಡ್‌ಗಳು ಲಾಕ್‌ಗಾಗಿ ಕಾಯುತ್ತಾ ಸುತ್ತುವಾಗ ಇನ್‌ಸ್ಟ್ರಕ್ಷನ್ ಎಣಿಕೆಯೇ ಅರ್ಥ ಕಳೆದುಕೊಳ್ಳುತ್ತದೆ. ತುಂಡಿಗೆ 1 ಕೋಟಿ ಇನ್‌ಸ್ಟ್ರಕ್ಷನ್‌ಗಳನ್ನಿಟ್ಟು, ಅಳತೆಗೆ ಮುಂಚಿನ ವಾರ್ಮ್‌ಅಪ್ ಅನ್ನು (ಕ್ಯಾಶ್ ತುಂಬಲೆಂದು ಲೆಕ್ಕಕ್ಕೆ ಹಿಡಿಯದೆ ಓಡಿಸುವ ಭಾಗವನ್ನು) ಒಮ್ಮೆ ದುಪ್ಪಟ್ಟು ಮಾಡಿ ನೋಡಿ. ಸಿಪಿಐ ಗಮನಾರ್ಹವಾಗಿ ಕದಲಿದರೆ ಮೊದಲಿನ ವಾರ್ಮ್‌ಅಪ್ ಸಾಲದಾಗಿತ್ತು ಎಂದೇ ತಿಳಿದು, ಸಿಪಿಐ ಕದಲುವುದು ನಿಲ್ಲುವವರೆಗೆ ವಾರ್ಮ್‌ಅಪ್ ಹೆಚ್ಚಿಸಿ.