ಮೆಟ್ಟಿಲು ಹತ್ತಿಸಿದರೆ ಮಗನ ಕಾಲಿಗೆ ಬಲ ಬರುತ್ತದೆಯೇ?

ಪ್ರಶ್ನೆ: ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. 7 ವರ್ಷದ ಮಗನಿಗೆ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯುಗಳು ಬರಬರುತ್ತ ಕ್ಷೀಣಿಸುವ ಕಾಯಿಲೆ) ಇದೆ ಎಂದು ಜೀನ್ ಪರೀಕ್ಷೆಯಲ್ಲಿ ಗೊತ್ತಾಗಿದೆ. ತುದಿಗಾಲಲ್ಲಿ ನಡೆಯುತ್ತಾನೆ. ನೆಲದಿಂದ ಏಳುವಾಗ ತೊಡೆಗೆ ಕೈ ಊರುತ್ತಾನೆ. ಕಾಲಿಗೆ ಕೆಲಸ ಕೊಟ್ಟರೆ ಬಲ ಬರುತ್ತದೆ ಅಂತ ನಮ್ಮ ಅತ್ತೆ ದಿನಾ ಬಸ್ಕಿ ಹೊಡೆಸುತ್ತಾರೆ. ಅಂಜನಾದ್ರಿ ಬೆಟ್ಟ ಹತ್ತಿಸುವ ಹರಕೆಯೂ ಇದೆ. ಮಾಡಿಸಬಹುದಾ?

ಉತ್ತರ: ಬಸ್ಕಿಯನ್ನು ಇವತ್ತೇ ನಿಲ್ಲಿಸಿ ತಾಯಿ. ಅತ್ತೆಯವರನ್ನು ಬೈಯಬೇಡಿ, ಬೇರೆ ಮಕ್ಕಳ ವಿಷಯದಲ್ಲಿ ಅವರು ಹೇಳಿದ್ದು ಸರಿಯೇ.

ಸ್ನಾಯುವಿನ ಎಳೆಗಳು ಹರಿಯದಂತೆ ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ನಿಮ್ಮ ಮಗನ ಮೈಯಲ್ಲಿ ತಯಾರಾಗುವುದಿಲ್ಲ. ಮೈಭಾರ ಹೊತ್ತುಕೊಂಡೇ ಸ್ನಾಯು ಹಿಗ್ಗುವಾಗ ಹಾನಿ ಜಾಸ್ತಿ. ಬಸ್ಕಿಯಲ್ಲಿ ಕೆಳಗೆ ಕೂರುವಾಗ, ಎತ್ತರದಿಂದ ಜಿಗಿಯುವಾಗ, ಮೆಟ್ಟಿಲು ಇಳಿಯುವಾಗ ಆಗುವುದು ಇದೇ. ಹತ್ತುವಾಗ ಏದುಸಿರು ಬರುತ್ತದೆ ಅಂತ ಅದಕ್ಕೇ ಹೆದರುತ್ತೇವೆ, ಆದರೆ ಇಳಿಯುವಾಗಲೇ ತೊಡೆಗೆ ಪೆಟ್ಟು ಹೆಚ್ಚು. ಅಂಜನಾದ್ರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಹರಕೆಯನ್ನು ಬೆಟ್ಟದ ಬುಡದಲ್ಲೇ ತೀರಿಸಿ, ಹನುಮಪ್ಪ ಸಿಟ್ಟಾಗುವುದಿಲ್ಲ. ಆಡಿದ ಮರುದಿನ ಕಾಲು ನೋವು ಅಂದರೆ ಆಟ ಅತಿಯಾಯಿತು ಎಂದರ್ಥ. ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹಾಗಂತ ಸುಮ್ನೆ ಕೂರಿಸಬೇಡಿ, ಅದೂ ಕೆಟ್ಟದ್ದೇ. ಸಮನೆಲದಲ್ಲಿ ನಡೆಯಲಿ, ಆಡಲಿ, ದಣಿದಾಗ ಕೂರಲಿ. ನೀರಿನಲ್ಲಿ ಆಡುವುದು ಬಹಳ ಒಳ್ಳೆಯದು. ಆದರೆ ತುಂಗಭದ್ರಾ ಎಡದಂಡೆ ಕಾಲುವೆಗೆ ಮಾತ್ರ ಇಳಿಸಬೇಡಿ, ಅದರ ಸೆಳೆತ ನಿಮಗೆ ಗೊತ್ತೇ ಇದೆ.

ಮನೆಯಲ್ಲಿ ಮುಖ್ಯವಾಗಿ ಮಾಡಬೇಕಾದ್ದು ಹಿಮ್ಮಡಿ ಎಳೆತ. ಮಗನನ್ನು ಅಂಗಾತ ಮಲಗಿಸಿ, ಮಂಡಿ ನೆಟ್ಟಗಿರಲಿ. ಹಿಮ್ಮಡಿಯನ್ನು ಅಂಗೈಯಲ್ಲಿ ತುಂಬಿ ಹಿಡಿದು ನಿಮ್ಮ ಕಡೆ ಎಳೆಯಿರಿ. ಅವನ ಅಂಗಾಲು ನಿಮ್ಮ ಮುಂಗೈಗೆ ಆನಿರಲಿ, ಅದರಿಂದಲೇ ಪಾದವನ್ನು ಅವನ ಮೊಣಕಾಲ ಕಡೆಗೆ ಮೆಲ್ಲಗೆ ಒತ್ತಿ. 30 ಎಣಿಸಿ ಬಿಡಿ. ಒಂದೊಂದು ಕಾಲಿಗೂ ನಾಲ್ಕೈದು ಸಲ, ವಾರದಲ್ಲಿ ಐದಾರು ದಿನ ಮಾಡಿ. ಸುಮಾರು ಜನ ಬೆರಳುಗಳನ್ನಷ್ಟೇ ಹಿಡಿದು ಒತ್ತುತ್ತಾರೆ. ಆಗ ಪಾದದ ನಡುಭಾಗ ಬಾಗುತ್ತದೆ, ಹಿಮ್ಮಡಿಯ ಹಿಂದಿನ ಸ್ನಾಯು ಬಿಗಿಯಾಗಿಯೇ ಉಳಿಯುತ್ತದೆ. ಎಳೆತ ಗೊತ್ತಾಗಬೇಕು, ನೋವಾಗಬಾರದು, ಮಗ ಅತ್ತರೆ ಬಿಡಿ. ಟಿವಿ ನೋಡುವಾಗ 20 ನಿಮಿಷ ಬೋರಲು ಮಲಗಲಿ, ಸೊಂಟದ ಮುಂಭಾಗ ಬಿಗಿಯುವುದಿಲ್ಲ. ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿದರೆ ತೊಂದರೆಯಿಲ್ಲ, ನಾಟಿ ವೈದ್ಯರ ಕೈಯಲ್ಲಿ ಜಗ್ಗಿಸುವುದು ಬೇಡ.

ರಾತ್ರಿ ಹಾಕುವ ಎಎಫ್‌ಒ ಪಟ್ಟಿ (ಪಾದ ಕೆಳಗೆ ಬಾಗದಂತೆ ಹಿಡಿದಿಡುವ ಆಸರೆ) ಬಗ್ಗೆ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ. ನಮ್ಮ ಕಡೆ ಬೇಸಿಗೆಯಲ್ಲಿ ಅದರೊಳಗೆ ಬೆವತು ಚರ್ಮ ಕೆಂಪಾಗುತ್ತದೆ. ಒಳಗೆ ತೆಳು ಹತ್ತಿ ಕಾಲುಚೀಲ ಹಾಕಿ. ಬಿಚ್ಚಿ 20 ನಿಮಿಷವಾದರೂ ಕೆಂಪು ಹೋಗದಿದ್ದರೆ ಅಳತೆ ಸರಿಯಿಲ್ಲ, ತಿದ್ದಿಸಿ.

ಕೊಪ್ಪಳದ ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿದೆ ಎಂದು ಕೇಳಿ, ಅದು ಮಕ್ಕಳ ಇಂಥ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡಲೆಂದೇ ಇರುವ ಕೇಂದ್ರ. ಹೃದಯ ಮತ್ತು ಉಸಿರಾಟದ ಪರೀಕ್ಷೆ ತಪ್ಪಿಸಬೇಡಿ, ಈ ಕಾಯಿಲೆ ತೋರಿಸಲು ಬೆಂಗಳೂರಿನ ನರರೋಗ ಆಸ್ಪತ್ರೆ ನಿಮ್ಹಾನ್ಸ್‌ಗೂ ಹೋಗಬಹುದು. ಮಸ್ಕ್ಯುಲರ್ ಡಿಸ್ಟ್ರೋಫಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಅರ್ಜಿ ಹಾಕಿ. ಡಾಕ್ಟರರಿಂದ ಒಂದು ಚೀಟಿ ಬರೆಸಿ ಶಾಲೆಗೂ ಕೊಡಿ. ಅಲ್ಲಿ ಶಿಕ್ಷೆ ಅಂತ ಬಸ್ಕಿ ಹೊಡೆಸಿಬಿಟ್ಟಾರು.